ಹಿತ್ತಲ ಬಾಗಿಲಿನ ಮದುವೆ

ಹ್ಯಾಮಿಲ್ಟನ್, ನ್ಯೂಜಿಲೆಂಡ್
14 ಜನವರಿ 2024

ಅವ್ವನಿಗೆ ಮಹಾನಂದಾಳ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡ. ಇಬ್ಬರೂ ಆರಾಮಾಗಿದ್ದೇವೆ. ಫೋನಿನಲ್ಲಿ ಹೇಳಬಹುದಾದದ್ದನ್ನು ಬರೆದು ಯಾಕೆ ಕಳಿಸಿದ್ದಾಳೆ ಎಂದು ನೀನು ಕೇಳುತ್ತೀ. ಫೋನು ಯಾವಾಗಲೂ ವೀರಭದ್ರಣ್ಣನ ಕೈಯಲ್ಲಿರುತ್ತದೆ, ಸ್ಪೀಕರ್ ಹಾಕಿರುತ್ತಾನೆ. ನೀನು ದೂರದಿಂದಲೇ "ಊಟ ಆತೇನು, ಥಂಡಿ ಭಾಳ ಅದ ಏನು" ಎಂದು ಕೇಳಿ ಒಳಗೆ ಹೋಗಿಬಿಡುತ್ತೀ. ಇಲ್ಲಿ ಜನವರಿಯೆಂದರೆ ಬೇಸಿಗೆ ಎಂದು ಎಷ್ಟು ಸಲ ಹೇಳಿದರೂ ನಿನ್ನ ಪ್ರಶ್ನೆ ಬದಲಾಗಿಲ್ಲ.

ನಮ್ಮೂರಿನ ತೆಲುಗು ಶಾಲೆಯಲ್ಲಿ ಕಲಿತ ಅಣ್ಣನಿಗೆ ತೆಲುಗು ಬರುತ್ತದೆ, ಇಂಗ್ಲಿಷ್ ಬರುತ್ತದೆ. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನೀನು ರೊಟ್ಟಿ ಬಡಿಯುತ್ತ ಹಿಟ್ಟಿನ ಮೇಲೆ ಬೆರಳಾಡಿಸಿ ನನಗೆ ಕಲಿಸಿದ ಕನ್ನಡ ಈಗಲಾದರೂ ಉಪಯೋಗಕ್ಕೆ ಬರಲಿ. ಇದು ನಮ್ಮಿಬ್ಬರ ನಡುವಿನ ಮಾತು.

ನನ್ನ ವೀಸಾ ಬರುವ ಅಕ್ಟೋಬರ್‌ವರೆಗೆ ಇದೆ. ಇವರು ಇಲ್ಲಿನ ನಾಗರಿಕರು, ನಾನು ಇವರ ಹೆಂಡತಿ. ಹಾಗಾಗಿ ಇಲ್ಲಿಯೇ ಕಾಯಂ ಆಗಿ ಇರಲು ಅರ್ಜಿ ಹಾಕಿದ್ದೇವೆ. ಆದರೆ ಮದುವೆ ನಿಜವಾದದ್ದು, ವೀಸಾಕ್ಕಾಗಿ ಕಟ್ಟಿದ ನಾಟಕವಲ್ಲ ಎಂದು ನಾವು ತೋರಿಸಿಕೊಡಬೇಕು. ಇಬ್ಬರ ಹೆಸರಿನ ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಇವರ ಊರು ನಾರಾಯಣಖೇಡದಲ್ಲಿ ಮಾಡಿಸಿದ ಮದುವೆ ನೋಂದಣಿ, ಎಲ್ಲ ಕೊಟ್ಟಾಯಿತು. ಮದುವೆಯ ಫೋಟೊ ಕೇಳಿದರು. ಉಡಿಕಿಗೆ ಯಾರಾದರೂ ಫೋಟೊ ತೆಗೆಯುತ್ತಾರೆಯೇ?

ಅರ್ಜಿಯಲ್ಲಿ ನಾನು ಹೀಗೆ ಬರೆದಿದ್ದೇನೆ: ನಮ್ಮಲ್ಲಿ ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆಗೆ ಉಡಿಕಿ ಎನ್ನುತ್ತಾರೆ. ಹಂದರ ಇಲ್ಲ, ಬಾಜಾ ಇಲ್ಲ, ಮಂದಿಯನ್ನು ಕರೆಯುವುದಿಲ್ಲ. ಹೊತ್ತು ಹುಟ್ಟುವ ಮೊದಲು ಹಿತ್ತಲಲ್ಲಿ ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಹಿತ್ತಲ ಬಾಗಿಲಿನಿಂದಲೇ ಕಳಿಸುತ್ತಾರೆ. ಮುತ್ತೈದೆಯರು ನೋಡುವಂತಿಲ್ಲ. ನೋಡಿದರೆ ಅವರ ಗಂಡಂದಿರಿಗೆ ಕೇಡು ಎಂದು ನಂಬುತ್ತಾರೆ.

ಆವತ್ತು ಎದುರಿಗಿದ್ದ ದೊಡ್ಡವರು ಇಬ್ಬರೇ. ಅಪ್ಪ ಈಗಿಲ್ಲ, ಸೀರೆ ಉಡಿಸಿದ ಸಾಯಮ್ಮತ್ತೆಯೂ ಇಲ್ಲ. ಅಣ್ಣ ಬೀದಿಯಲ್ಲಿ ಜೀಪಿನ ಹತ್ತಿರ ನಿಂತಿದ್ದ. ಆದ್ದರಿಂದ ನೀನು ಮೂರು ಸಾಲು ಬರೆದು ಕೊಡಬೇಕು. ಇವಳು ನನ್ನ ಮಗಳು, ಇವರು ನನ್ನ ಅಳಿಯ, ಈ ಸಂಬಂಧ ನನಗೆ ಒಪ್ಪಿಗೆ. ಅಷ್ಟೇ.

ಇನ್ನೊಂದು ಕಾಗದ ತಾಂಡೂರಿನಿಂದ ಬರಬೇಕು, ನನ್ನ ಮೊದಲಿನ ಮನೆಯವರ ಮರಣ ಪ್ರಮಾಣಪತ್ರ. ಅದನ್ನು ಕೇಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಅಣ್ಣನನ್ನು ಕಳಿಸು.

ನಿನ್ನ ಮಗಳು,
ಮಹಾನಂದಾ


ಜಹೀರಾಬಾದ್
20 ಫೆಬ್ರುವರಿ 2024

ಚಿ. ಮಹಾನಂದಾಳಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂದು ಮುಟ್ಟಲು ಮೂರು ವಾರ ಹಿಡಿಯಿತು. ಟಪಾಲು ತಂದ ಅಂಜಪ್ಪ ಸ್ಟಾಂಪು ನೋಡಿ, "ಬಾಯಾರೆ, ನಿಮ್ಮ ಮನಿಗಿ ಕಾಗದ ಹಾಕಿ ಎಷ್ಟ್ ವರ್ಷ ಆತು" ಎಂದು ಅಂಗಳದಲ್ಲೇ ನಿಂತ. ಚಹಾ ಕುಡಿಸಿ ಕಳಿಸಿದೆ.

ತಾಂಡೂರಿಗೆ ವೀರಭದ್ರನನ್ನು ಕಳಿಸಲಿಲ್ಲ, ನಾನೇ ಹೋದೆ. ಅಂಥ ಕಾಗದವನ್ನು ಗಂಡಸರು ಹೋಗಿ ಕೇಳಿದರೆ ಜಗಳದ ಹಾಗೆ ಕಾಣುತ್ತದೆ. ಬಸ್ಸಿಳಿದು ಮನೆ ಹುಡುಕುವ ಕಷ್ಟ ಇರಲಿಲ್ಲ, ಕಲ್ಲು ಕೊಯ್ಯುವ ಸದ್ದು ಈಗಲೂ ಹಾಗೇ ಇದೆ. ನಿನ್ನ ಆಗಿನ ಅತ್ತೆ ಲಚ್ಚಮ್ಮ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ತಂದು ಕೈಯಲ್ಲಿಟ್ಟಳು. "ಆಕಿ ಅಲ್ಲಿ ಚೆಂದ ಇದ್ದಾಳಲ್ರಿ? ಇರ್ಲಿ. ಆರು ವರ್ಷ ನಮ್ಮ ಮನ್ಯಾಗ ಕುಂತು ಏನ್ ಕಂಡಳು" ಎಂದಳು. ಊಟ ಮಾಡದೆ ಏಳಲು ಬಿಡಲಿಲ್ಲ. ಪುಂಡಿಪಲ್ಲೆ ಮಾಡಿದ್ದಳು.

ನೀನು ಕೇಳಿದ ಹೇಳಿಕೆಯ ವಿಷಯ. ವೀರಭದ್ರನೇ ಕೋರ್ಟಿನ ಎದುರಿಗೆ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ತಂದ, ಸಹಿ ಹಾಕಿದೆ. ಎರಡೂ ಕಾಗದ ಅವನೇ ಫೋನಿನಿಂದ ಕಳಿಸಿದ್ದಾನಂತೆ. ಇನ್ನು ಅದರ ಚಿಂತೆ ಬೇಡ.

ಈ ಕಾಗದವನ್ನೂ ಅಲ್ಲಿನ ಸಾಹೇಬರು ಓದುವುದಾದರೆ ಅವರಿಗೂ ನನ್ನ ಶರಣು ತಿಳಿಸು.

ಇತಿ,
ಅವ್ವ


ಹ್ಯಾಮಿಲ್ಟನ್
2 ಮೇ 2024

ಅವ್ವಾ,

ಟಪಾಲಿಗೆ ಕಾಯುವಷ್ಟು ಪುರಸೊತ್ತಿಲ್ಲ. ಈ ಕಾಗದದ ಫೋಟೊ ಅಣ್ಣನ ಮಗಳ ಫೋನಿಗೆ ಕಳಿಸುತ್ತಿದ್ದೇನೆ, ಅವಳು ದೊಡ್ಡದು ಮಾಡಿ ತೋರಿಸುತ್ತಾಳೆ. ಅವಳಿಗೂ ಕನ್ನಡ ಓದಲು ಬರುವುದಿಲ್ಲ ಎಂಬುದು ಒಳ್ಳೆಯದೇ.

ನೀನು ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಗೊತ್ತೇ? "ನನ್ನ ಮಗಳ ಮದುವೆ ಫಂಕ್ಷನ್ ಹಾಲಿನಲ್ಲಿ ಬಂಧುಬಳಗ ಮುನ್ನೂರು ಜನರ ಸಮ್ಮುಖದಲ್ಲಿ ವಿಜೃಂಭಣೆಯಿಂದ ನಡೆಯಿತು, ನಾನೇ ಅಕ್ಷತೆ ಹಾಕಿ ಹರಸಿದೆ." ಟೈಪಿನವನ ಹತ್ತಿರ ಎಲ್ಲರಿಗೂ ಕೊಡುವ ಒಂದೇ ನಮೂನೆ ಇರಬೇಕು. ಅಣ್ಣ ಅದನ್ನೇ ಇರಲಿ ಎಂದಿದ್ದಾನೆ. ನಾನು ಬರೆದದ್ದು ಹಿತ್ತಲು, ನಸುಕು, ನಾಲ್ಕು ಜನ. ನನ್ನ ತಾಯಿ ಹೇಳಿದ್ದು ಫಂಕ್ಷನ್ ಹಾಲು, ಮುನ್ನೂರು ಜನ.

ಎರಡರಲ್ಲಿ ಯಾವುದು ಸುಳ್ಳು ಎಂದು ಕಚೇರಿಯವರು ಕೇಳಿದ್ದಾರೆ. ಆರು ವಾರದೊಳಗೆ ಉತ್ತರ ಕೊಡಬೇಕು. ಅವರಿಗೆ ಸಮಾಧಾನವಾಗದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ, ಅಕ್ಟೋಬರಿನಲ್ಲಿ ನಾನು ಇಲ್ಲಿಂದ ಹೊರಡಬೇಕು. ಸುಳ್ಳು ಮದುವೆಯವಳು ಎನಿಸಿಕೊಂಡು ಹೋದವಳಿಗೆ ಮತ್ತೆ ಬರುವ ದಾರಿ ಇರುವುದಿಲ್ಲ. ಇವರಿಗೆ ನಲವತ್ತಾರು, ನನಗೆ ಮೂವತ್ತೇಳು. ಸಂಜೆ ಕೆಲಸದಿಂದ ಬಂದು ಇಬ್ಬರೂ ಕೂತು ಚಹಾ ಕುಡಿಯುವ ಒಂದು ಮನೆ ಈಗಷ್ಟೇ ಆಗಿದೆ.

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನೀನು ತಾಂಡೂರಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಂದೆ. ಅಷ್ಟು ಮಾಡುವವಳಿಗೆ ಮೂರು ಸಾಲು ಬರೆಯಲು ಆಗಲಿಲ್ಲ. ತಾಂಡೂರಿಗೆ ಕಾಗದ ಹಾಕುವಾಗ "ಚಿ. ಸೌ. ಮಹಾನಂದಾ" ಎಂದು ಬರೆಯುತ್ತಿದ್ದೆ. ಈಗ ಬರೀ "ಚಿ." ಉಳಿದಿದೆ. ಇವರನ್ನು ಇನ್ನೂ "ನಾರಾಯಣಖೇಡದವರು" ಎನ್ನುತ್ತೀ. ಜಹೀರಾಬಾದಿನ ಗಾಡಿ ಕಾರ್ಖಾನೆಯಲ್ಲಿ ನಟ್ಟು ಬಿಗಿಯುತ್ತಿದ್ದವರು ಇಲ್ಲಿಗೆ ಬಂದು ಇಪ್ಪತ್ತು ವರ್ಷ ದುಡಿದು, ಮೊದಲ ಹೆಂಡತಿಯನ್ನು ಮಣ್ಣು ಮಾಡಿ, ಮತ್ತೆ ಧೈರ್ಯ ಮಾಡಿ ನನ್ನನ್ನು ಕೇಳಿಕೊಂಡು ಬಂದರು. ಅವರ ಹೆಸರು ಸೂರ್ಯಕಾಂತ.

ಆ ನಸುಕಿನಲ್ಲಿ ನನಗೆ ನೆನಪಿರುವುದು ತಾಳಿಯಲ್ಲ. ಕಣಜದ ಕೋಣೆಯ ಬಾಗಿಲಿಗೆ ನೀನು ಒಳಗಿನಿಂದ ಅಗಳಿ ಹಾಕಿಕೊಂಡ ಸದ್ದು. ನಾಲ್ಕು ತಿಂಗಳಿಗೆ ಅಪ್ಪ ಹೋದ. ಅಂದಿನಿಂದ ನೀನು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ನನ್ನ ಉಡಿಕಿಯಿಂದಲೇ ಅಪ್ಪ ಹೋದ ಎಂದು ನಿನಗೆ ಅನಿಸಿದ್ದರೆ ಹಾಗಂತ ಬರೆದುಬಿಡು.

ಮಹಾನಂದಾ


ಜಹೀರಾಬಾದ್
9 ಮೇ 2024

ಮಗಳೇ,

ನಿನ್ನ ಕಾಗದ ಓದಿದೆ. ಮೊಮ್ಮಗಳು "ಏನ್ ಬರದಾಳ ಆಯಿ" ಎಂದು ಕೇಳಿದಳು. ಅತ್ತೆ ಆರಾಮಾಗಿದ್ದಾಳೆ ಎಂದು ಹೇಳಿದೆ.

ವೀರಭದ್ರನನ್ನು ಕೂಡಿಸಿಕೊಂಡು ಕೇಳಿದೆ. ಅವನು ತಲೆ ತಗ್ಗಿಸಿ, "ಹುಡುಗಿಗಿ ಸಂಬಂಧ ನೋಡಾಕತ್ತೀವಿ ಅವ್ವಾ. ಟೈಪಿನಾಂವ ನಮ್ಮ ಬೀಗರಾಗೋರ ಓಣಿಯಾಂವ. ಅವನ ಮುಂದ ನಮ್ಮ ಮನ್ಯಾಗ ಉಡಿಕಿ ಆಗ್ಯಾದ ಅಂತ ಹ್ಯಾಂಗ ಬರಸ್ಲಿ" ಎಂದ. ಅವನು ಕೆಟ್ಟವನಲ್ಲ, ಅಂಜುಬುರುಕ. ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಓದಿಸಿ ಕೇಳಿದ್ದರೆ ಅದರ ಬದಲು ನಾನು ಏನಾದರೂ ಹೇಳಬೇಕಾಗುತ್ತಿತ್ತು. ಅದು ಬೇಡವಾಗಿತ್ತು.

ಅವನೇ ಇನ್ನೊಂದು ಉಪಾಯ ತಂದ. ನಿನ್ನ ಮೊದಲ ಮದುವೆಯ ಆಲ್ಬಮ್ ಇದೆಯಲ್ಲ, ಅದನ್ನು ಕೊಟ್ಟರೆ ಫೋಟೊ ಸ್ಟುಡಿಯೊದವನು ಕಂಪ್ಯೂಟರಿನಲ್ಲಿ ಮುಖ ಬದಲಿಸಿ ಕೊಡುತ್ತಾನಂತೆ. ಸತ್ತವನ ಮುಖ ಅಳಿಸಿ ಇವರ ಮುಖ ಕೂಡಿಸುವುದು. ಫಂಕ್ಷನ್ ಹಾಲು ಇದೆ, ಮುನ್ನೂರು ಜನ ಇದ್ದಾರೆ, ಅಕ್ಷತೆ ಹಾಕುತ್ತ ನಾನೂ ಇದ್ದೇನೆ, ಪಕ್ಕದಲ್ಲಿ ನಿಮ್ಮಪ್ಪ ನಗುತ್ತಿದ್ದಾರೆ. ಹೇಳಿಕೆಗೆ ಸರಿಹೊಂದುತ್ತದೆ ಎಂದ. ನಾನು ಆಲ್ಬಮ್ಮನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಲಚ್ಚಮ್ಮನ ಮನೆಯಲ್ಲಿ ಉಂಡು ಬಂದು ಮೂರು ತಿಂಗಳಾಗಿಲ್ಲ.

ನಿನ್ನ ಕೊನೆಯ ಮಾತಿಗೆ ಉತ್ತರ. ನಿನ್ನಿಂದ ಅವರು ಹೋದರು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಶಿವನಾಣೆ. ತಪ್ಪು ಬೇರೆ ಇದೆ, ಅದು ನನ್ನದು.

ನನಗೆ ಮೂರು ದಿನ ಕೊಡು. ಝರಾಸಂಗಕ್ಕೆ ಹೋಗಿ ಸಂಗಮೇಶ್ವರನಿಗೆ ಕೈಮುಗಿದು ಬಂದು ಬರೆಯುತ್ತೇನೆ. ಈ ಸಲ ನನ್ನ ಕೈಯಿಂದ, ಕನ್ನಡದಲ್ಲಿ.

ಅವ್ವ


ಜಹೀರಾಬಾದ್
13 ಮೇ 2024

ವಲಸೆ ಕಚೇರಿಯ ಸಾಹೇಬರಿಗೆ, ಅಥವಾ ಬಾಯಾರಿಗೆ,

ನಾನು ರುಕ್ಮಿಣಿಬಾಯಿ, ಗಂಡ ದಿವಂಗತ ಶಿವಶಂಕರಪ್ಪ, ವಯಸ್ಸು ಅರವತ್ಮೂರು. ತವರು ಬೀದರ ಕಡೆ, ಏಳನೆಯ ಇಯತ್ತೆಯವರೆಗೆ ಕನ್ನಡ ಕಲಿತಿದ್ದೇನೆ.

ಮೊದಲು ಬಂದ ಹೇಳಿಕೆ ಸುಳ್ಳು. ಅದರಲ್ಲಿ ಏನಿದೆ ಎಂದು ತಿಳಿದುಕೊಳ್ಳದೆ ಸಹಿ ಹಾಕಿದೆ. ಫಂಕ್ಷನ್ ಹಾಲು ಇರಲಿಲ್ಲ, ಮುನ್ನೂರು ಜನರೂ ಇರಲಿಲ್ಲ. ನನ್ನ ಮಗಳು ಬರೆದದ್ದು ಖರೆ.

2022ನೆಯ ಇಸವಿ ಫೆಬ್ರುವರಿ 11, ಶುಕ್ರವಾರ. ಹೊತ್ತು ಹುಟ್ಟಿರಲಿಲ್ಲ. ನನ್ನ ಗಂಡ ಬದುಕಿದ್ದರಿಂದ ನಾನು ಉಡಿಕಿ ನೋಡುವಂತಿರಲಿಲ್ಲ. ಜೋಳದ ಚೀಲ ಇಡುವ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡೆ. ಆ ಕೋಣೆಗೆ ಹಿತ್ತಲ ಕಡೆ ಒಂದು ಸಣ್ಣ ಕಿಟಕಿ ಇದೆ. ಅದಕ್ಕೆ ಅಡ್ಡವಾಗಿ ಒಂದು ಚೀಲ ಇತ್ತು.

ನಾನು ಆ ಚೀಲ ಸರಿಸಿದೆ. ಬಳೆ ಸದ್ದಾಯಿತು. ಕೂಡಲೇ ಎಡಗೈ ಬಳೆಗಳನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಯಾರಿಗೂ ಕೇಳಿಸಲಿಲ್ಲ. ಹಾಗೇ ಹಿಡಿದುಕೊಂಡು ಪೂರ್ತಿ ನೋಡಿದೆ.

ನುಗ್ಗೆ ಗಿಡದ ಕೆಳಗೆ ಮಣೆ ಹಾಕಿದ್ದರು. ನನ್ನ ಗಂಡ ಕಿಟಕಿಗೆ ಬೆನ್ನು ಮಾಡಿ ಅಡ್ಡ ನಿಂತಿದ್ದರು, ಮೊದಲು ಏನೂ ಕಾಣಲಿಲ್ಲ. ಆಮೇಲೆ ಅವರು ಒಂದು ಹೆಜ್ಜೆ ಸರಿದರು, ಆಗ ಕಂಡಿತು. ನಾದಿನಿ ಸಾಯಮ್ಮ ನನ್ನ ಮಗಳಿಗೆ ಕೆಂಪು ಅಂಚಿನ ಹಳದಿ ಸೀರೆ ಉಡಿಸಿದ್ದಳು. ಸೂರ್ಯಕಾಂತ ತಾಳಿ ಕಟ್ಟುವಾಗ ಕೈ ನಡುಗಿ ಗಂಟು ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು. ಆಗ ನನ್ನ ಮಗಳು ನಕ್ಕಳು. ಆರು ವರ್ಷದ ಮೇಲೆ ಅವಳ ನಗು ನೋಡಿದ್ದು ನಾನು. ಬಾಯಿ ಸಿಹಿ ಮಾಡಲು ಸಕ್ಕರೆ ತರುವುದನ್ನು ಎಲ್ಲರೂ ಮರೆತಿದ್ದರು. ಸೂರ್ಯಕಾಂತ ಜೇಬಿನಿಂದ ಒಂದು ಚಾಕಲೇಟು ತೆಗೆದು, ಮುರಿದು, ದೊಡ್ಡ ತುಂಡು ಅವಳಿಗೆ ಕೊಟ್ಟರು. ಹಿತ್ತಲ ಬಾಗಿಲಿನಿಂದ ಇಬ್ಬರೂ ಹೋದರು.

ಅವರು ಹೋದ ಮೇಲೆ ನನ್ನ ಗಂಡ ಬಂದು ಬಾಗಿಲು ತಟ್ಟಿ, "ನೋಡಿದ್ಯೇನು?" ಎಂದು ಕೇಳಿದರು.

"ಇಲ್ರಿ" ಎಂದೆ.

"ನೋಡಬೇಕಿತ್ತು. ಭಾಳ ಚೆಂದ ಕಾಣತಿದ್ಳು" ಎಂದರು.

ನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಹೃದಯದ ರೋಗ ಹಳೆಯದು ಎಂದು ಡಾಕ್ಟರು ಹೇಳಿದರು. ಅದು ನನಗೆ ಗೊತ್ತು. ಆದರೂ ಮಗಳ ದನಿ ಕೇಳಿದಾಗೆಲ್ಲ ಆ ಕಿಟಕಿ ಎದುರಿಗೆ ಬರುತ್ತದೆ. ನೋಡಬಾರದ್ದನ್ನು ನೋಡಿದೆ, ಕೇಳಿದವರಿಗೆ ಸುಳ್ಳು ಹೇಳಿದೆ. ಅದಕ್ಕೇ ಮಗಳ ಹತ್ತಿರ ಮಾತಾಡಲಾರೆ, ಅಳಿಯನನ್ನು ಅಳಿಯ ಎನ್ನಲಾರೆ. ಇದು ಅವರಿಬ್ಬರಿಗೆ ಗೊತ್ತಿಲ್ಲ.

ಗಂಡನಿಗೆ ಹೇಳದ ಮಾತನ್ನು ನಿಮಗೆ ಹೇಳಿದ್ದೇನೆ. ಅವರ ಮದುವೆ ಖರೆ. ನಾನು ನೋಡಿದ್ದೇನೆ.

ರುಕ್ಮಿಣಿಬಾಯಿ

(ಮಹಾನಂದಾ, ಇದನ್ನು ಇಂಗ್ಲಿಷಿಗೆ ಮಾಡಿದವರು ಹಣಮಯ್ಯ ಮಾಸ್ತರು. ಬೀದರಿನಲ್ಲಿ ಸಾಲಿ ಕಲಿಸಿ ಈಗ ಇಲ್ಲೇ ಇದ್ದಾರೆ. ಓದಿ, "ಬಾಯಾರೆ, ಇಷ್ಟೆಲ್ಲ ಬೇಕೇನ್ರಿ?" ಎಂದರು. "ಒಂದು ಅಕ್ಷರ ಬಿಡಬ್ಯಾಡ್ರಿ" ಎಂದೆ. ನೋಟರಿಯವರ ಹತ್ತಿರ ವೀರಭದ್ರನೇ ಗಾಡಿಯ ಮೇಲೆ ಕರೆದುಕೊಂಡು ಹೋದ. ಎಲ್ಲರೆದುರಿಗೆ ಓದಿಸಿದರು, ಟೈಪಿನವನೂ ಅಲ್ಲೇ ಇದ್ದ. ವೀರಭದ್ರ ಎದ್ದು ಹೊರಗೆ ಹೋಗುತ್ತಾನೆ ಎಂದುಕೊಂಡಿದ್ದೆ, ಹೋಗಲಿಲ್ಲ.)


ಹ್ಯಾಮಿಲ್ಟನ್
18 ಆಗಸ್ಟ್ 2024

ಅವ್ವಾ,

ಮೂರು ತಿಂಗಳಿಂದ ಎಷ್ಟೋ ಸಲ ಬರೆಯಲು ಕೂತು ಎದ್ದಿದ್ದೇನೆ. ನಿನ್ನ ಹೇಳಿಕೆಯನ್ನು ಇಲ್ಲಿ ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಓದಿ ಮುಗಿಯುವ ಹೊತ್ತಿಗೆ ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಅಗಳಿಯ ಸದ್ದೊಂದನ್ನೇ ಇಟ್ಟುಕೊಂಡು ಎರಡು ವರ್ಷ ನಿನ್ನ ಮೇಲೆ ಸಿಟ್ಟು ಮಾಡಿದೆನಲ್ಲ, ನನಗೆ ನಾಚಿಕೆಯಾಯಿತು.

ಇವರಿಗೆ ಅದನ್ನು ಓದಿ ಹೇಳಲಿಲ್ಲ. ನೀನು ಗುಟ್ಟಾಗಿ ಇಟ್ಟುಕೊಂಡದ್ದನ್ನು ನಾನು ಬಿಚ್ಚುವುದು ಸರಿಯಲ್ಲ ಅನಿಸಿತು. ಇವರೂ ಕೇಳಲಿಲ್ಲ. ಕಾಗದ ಕಚೇರಿಗೆ ಹೋಯಿತು.

ಹೋದ ಬುಧವಾರ ಇಬ್ಬರನ್ನೂ ಕರೆಸಿದ್ದರು. ಬೇರೆ ಬೇರೆ ಕೋಣೆ. ನನ್ನನ್ನು ಕೇಳಿದಾಗ ಇದ್ದದ್ದನ್ನು ಹೇಳಿದೆ: ತಾಯಿ ಬಾಗಿಲು ಹಾಕಿಕೊಂಡಿದ್ದಳು, ನೋಡಿಲ್ಲ ಎಂದುಕೊಂಡಿದ್ದೆ, ಅವಳ ಕಾಗದದಿಂದಲೇ ತಿಳಿಯಿತು. ಅಧಿಕಾರಿ ವಯಸ್ಸಾದ ಹೆಂಗಸು. ಎಲ್ಲ ಬರೆದುಕೊಂಡಳು.

ಇವರನ್ನು ಕೇಳಿದರಂತೆ, ಮದುವೆಯ ಹೊತ್ತಿನಲ್ಲಿ ಹೆಂಡತಿಯ ತಾಯಿ ಎಲ್ಲಿದ್ದರು ಎಂದು. ಇವರು ತಡಮಾಡದೆ "ಕಿಟಕಿಯ ಹಿಂದೆ" ಎಂದಿದ್ದಾರೆ. ಹೇಗೆ ಗೊತ್ತು ಎಂದರೆ, ಬಳೆ ಸದ್ದಾಯಿತು, ಆಮೇಲೆ ಯಾರೋ ಹಿಡಿದುಕೊಂಡ ಹಾಗೆ ತಟ್ಟನೆ ನಿಂತಿತು ಎಂದಿದ್ದಾರೆ. ಅಧಿಕಾರಿ ನಿನ್ನ ಹೇಳಿಕೆಯ ಹಾಳೆ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟಳಂತೆ. ಮುಂದೆ ಫೋಟೊದ ಮಾತು ತೆಗೆಯಲಿಲ್ಲ.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನಾನು ಕೇಳಿದೆ, ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು.

"ಅತ್ತಿಯವ್ರು ಯಾರಿಗೂ ತಿಳಿಬಾರ್ದು ಅಂತ ನೋಡ್ಯಾರ. ನಾ ಹ್ಯಾಂಗ ಹೇಳ್ಲಿ? ನನ್ನ ಕೈ ನಡುಗಿದ್ದೂ ಅದಕ್ಕ. ಕಿಟಕ್ಯಾಗಿಂದ ಅವ್ರು ನೋಡಾಕತ್ತಾರ ಅಂತ ಅಂಜಿ ಗಂಟು ಜಾರ್ತು" ಎಂದರು.

ಆಮೇಲೆ ಹೇಳಿದ್ದನ್ನು ನಿನಗೆ ಬರೆಯಲೆಂದೇ ಈ ಕಾಗದ. "ಮಾಮಾಗೂ ಕೇಳಿಸಿತ್ತು. ಬಳಿ ಸದ್ದಾದ ಕೂಡ್ಲೆ ಅವ್ರು ಹೊರಳಿ ನೋಡ್ಲಿಲ್ಲ, ಒಂದ್ ಹೆಜ್ಜಿ ಸರದ್ರು. ನಿಮ್ಮವ್ವಗ ಕಾಣ್ಲಿ ಅಂತ" ಎಂದರು.

ಅವ್ವಾ, ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದ.

ಫಲಿತಾಂಶ ಇನ್ನೂ ಬಂದಿಲ್ಲ.

ನಿನ್ನ
ಮಹಾನಂದಾ


ಜಹೀರಾಬಾದ್
6 ಅಕ್ಟೋಬರ್ 2024

ಚಿ. ಸೌ. ಮಹಾನಂದಾಳಿಗೂ ಅಳಿಯಂದಿರಾದ ಚಿ. ಸೂರ್ಯಕಾಂತರಿಗೂ ಆಶೀರ್ವಾದ.

ಕಾಯಂ ಆಯಿತು ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದಾಗ ನಾನು ಒಳಗೆ ಎದ್ದು ಹೋದೆನಲ್ಲ, ಅದು ಹಳೆಯ ಚಾಳಿಯಿಂದ ಅಲ್ಲ. ಅಳು ಬಂತು. ವೀರಭದ್ರ ಫೋನನ್ನು ನನ್ನ ಹಿಂದೆಯೇ ತಂದು ಕೈಯಲ್ಲಿಟ್ಟು ತಾನು ಹೊರಗೆ ಹೋದ. ಅಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ.

ಆಗಸ್ಟಿನ ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಓದಿದ ದಿನ ಕಣಜದ ಕೋಣೆಗೆ ಹೋಗಿ ಕಿಟಕಿಯ ಹತ್ತಿರ ನಿಂತೆ. ನುಗ್ಗೆ ಗಿಡ ಇದೆ. ನಿಮ್ಮಪ್ಪ ನಿಂತಿದ್ದ ಜಾಗವೂ ಕಾಣುತ್ತದೆ, ಮೂರು ಮೊಳ ದೂರ ಇಲ್ಲ. ಅಷ್ಟು ಹತ್ತಿರ ನಿಂತವರಿಗೆ ಕೇಳಿಸದೆ ಇರುತ್ತದೆಯೇ? ನಲವತ್ತು ವರ್ಷ ಅವರಿಗೆ ಅನ್ನ ಬಡಿಸಿದ ಬಳೆ ಅವು. ಆ ಮನುಷ್ಯ ಕೇಳಿ, ಸರಿದು ನಿಂತು, ಆಮೇಲೆ ಬಾಗಿಲಿಗೆ ಬಂದು ನನ್ನ ಬಾಯಿಂದ ಬರಲಿ ಎಂದು ಕಾದರು. ನಾನು "ಇಲ್ರಿ" ಎಂದೆ. ಅವರು ಅದನ್ನೂ ನುಂಗಿಕೊಂಡು, ನಾನು ನೋಡಿಲ್ಲವೇನೋ ಎಂಬಂತೆ ನನಗೆ ಹೇಳಿ ತೋರಿಸಿದರು. ಈಗ ಅವರ ಮೇಲೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ.

ಮೊಮ್ಮಗಳ ಸಂಬಂಧದವರು ಉಡಿಕಿಯ ಸುದ್ದಿ ಕೇಳಿ ಬಂದರು. ಆ ಹುಡುಗನ ಸೋದರತ್ತೆಗೂ ಉಡಿಕಿಯೇ ಆಗಿದೆಯಂತೆ, ಅವರೂ ನಮಗೆ ಹೇಳಲು ಅಂಜುತ್ತಿದ್ದರಂತೆ. ಎರಡೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಡಿಸೆಂಬರಿನಲ್ಲಿ ಮದುವೆ. ನೀವಿಬ್ಬರೂ ಬರಬೇಕು.

ಬರುವಾಗ ಹೈವೇ ಮೇಲೆ ಇಳಿದು ಹಿಂದಿನ ಓಣಿ ಹಿಡಿಯಬೇಡಿ. ಬಜಾರಿನೊಳಗಿಂದ, ಹಗಲು ಹೊತ್ತಿನಲ್ಲಿ, ಮುಂದಿನ ಬಾಗಿಲಿಗೆ ಬನ್ನಿ. ಆರತಿ ಹಿಡಿದು ನಾನು ನಿಂತಿರುತ್ತೇನೆ. ಗಂಡ ಇಲ್ಲದವಳು ಆರತಿ ಹಿಡಿಯಬಾರದು ಎಂದು ವೀರಭದ್ರನ ಹೆಂಡತಿ ಮೆಲ್ಲಗೆ ಹೇಳಿ ನೋಡಿದಳು. ನೋಡಬಾರದು ಎನ್ನುವವರಿಗೆ ನಮ್ಮ ಮನೆಯಲ್ಲಿ ಜಾಗ ಇದೆ, ಕಣಜದ ಕೋಣೆಗೆ ಹೋಗಿ ಅಗಳಿ ಹಾಕಿಕೊಳ್ಳಲಿ ಎಂದು ಹೇಳಿದ್ದೇನೆ. ಕಿಟಕಿಗೆ ಅಡ್ಡ ಇದ್ದ ಚೀಲವನ್ನು ಆಗಲೇ ತೆಗೆಸಿಟ್ಟಿದ್ದೇನೆ.

ನಿಮ್ಮಿಬ್ಬರ ಅವ್ವ,
ರುಕ್ಮಿಣಿಬಾಯಿ